ವಿಮಾನ ಯಾಕೆ ನೇರವಾಗಿ ಬಂದು ಇಳಿಯುವುದಿಲ್ಲ? ಫೋನ್ ಹಿಡಿದು ಆಕಾಶದ ದಾರಿ ಓದುವ ಬಗೆ

ತಂಗಿ ಮೊದಲ ಸಲ ಲಂಡನ್ನಿಗೆ ಹೊರಟ ದಿನ ಅಮ್ಮ ಫೋನ್ ಕೆಳಗಿಡಲೇ ಇಲ್ಲ. ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನ ಇರುವೆಯ ಹಾಗೆ ಪಶ್ಚಿಮಕ್ಕೆ ಸರಿಯುತ್ತಿತ್ತು. ಸಂಜೆ ಕಾಫಿ ಹೊತ್ತಿಗೆ ಲಂಡನ್ ಇನ್ನೇನು ಬಂತು ಅನ್ನುವಾಗ ಅದು ಊರ ಹೊರಗೇ ಗಿರಕಿ ಹೊಡೆಯತೊಡಗಿತು. ಒಂದು ಸುತ್ತು, ಎರಡು, ಮೂರು. "ಏನೋ ಆಗಿದೆ ಕಣೋ, ಚಕ್ರ ಬಿಚ್ಚಿಕೊಳ್ತಿಲ್ಲ ಅನ್ಸತ್ತೆ" ಅಂದರು ಅಮ್ಮ. ಮುಖ ಬಿಳಿಚಿಕೊಂಡಿತ್ತು.

ಏನೂ ಆಗಿರಲಿಲ್ಲ. ವಿಮಾನ ಕ್ಯೂನಲ್ಲಿ ನಿಂತಿತ್ತು, ಅಷ್ಟೇ. ಬಸ್ಸಾದರೆ ಬ್ರೇಕ್ ಹಾಕಿ ನಿಲ್ಲುತ್ತದೆ. ವಿಮಾನ ನಿಲ್ಲಬೇಕು ಅಂದರೆ ಸುತ್ತಬೇಕು.

ನಾನು ಪೈಲಟ್ ಅಲ್ಲ. ಮನೆಯ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟರ್ ಹಾರಿಸುವ ಹುಚ್ಚು ಬಹಳ ವರ್ಷದಿಂದ ಇದೆ. ಆ ಹುಚ್ಚಿನಲ್ಲಿ ಚಾರ್ಟ್‌ಗಳನ್ನು ಓದುವುದು ಅಭ್ಯಾಸವಾಯಿತು. ಅವತ್ತು ಅಮ್ಮನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಇದನ್ನು ಓದಿದ ಮೇಲೆ ನಿಮ್ಮವರ ವಿಮಾನ ಈಗ ಏನು ಮಾಡುತ್ತಿದೆ, ಮುಂದೆ ಏನು ಮಾಡುತ್ತದೆ ಅಂತ ನೀವೇ ಹೇಳಬಹುದು. ಉದಾಹರಣೆಗೆ ಲಂಡನ್ನಿನ ದೊಡ್ಡ ವಿಮಾನ ನಿಲ್ದಾಣ ಹೀಥ್ರೋವನ್ನೇ ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿದೆ. ಜೊತೆಗೆ ಗಿರಕಿ ಹೊಡೆಸುವುದರಲ್ಲಿ ಅದಕ್ಕಿಂತ ಹೆಸರಾದ ವಿಮಾನ ನಿಲ್ದಾಣ ಕಡಿಮೆ.

ಮೊದಲು ಬೇಕಾದ ಸಾಮಾನು

ವಿಮಾನ ಹಿಂಬಾಲಿಸುವ ಒಂದು ಆ್ಯಪ್ ಬೇಕು. ಆಮೇಲೆ ಚಾರ್ಟ್. ಚಾರ್ಟ್ ಅಂದರೆ ಪೈಲಟ್‌ಗಳು ನೋಡುವ ನಕ್ಷೆ. ಅದೇನೂ ಗುಟ್ಟಿನ ಕಾಗದವಲ್ಲ. ಪ್ರತಿ ದೇಶವೂ ತನ್ನ ಆಕಾಶದ ವಿವರವನ್ನು ಎಐಪಿ ಎಂಬ ದೊಡ್ಡ ದಾಖಲೆಯಾಗಿ ಪ್ರಕಟಿಸುತ್ತದೆ. ಬ್ರಿಟನ್ನಿನದು ಅಲ್ಲಿನ ವಿಮಾನ ಸಂಚಾರ ನೋಡಿಕೊಳ್ಳುವ ನ್ಯಾಟ್ಸ್ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮದನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹಾಕುತ್ತದೆ. ಹೀಥ್ರೋ ಹುಡುಕಲು 'ಇಜಿಎಲ್‌ಎಲ್', ಬೆಂಗಳೂರಿಗೆ 'ವಿಓಬಿಎಲ್' ಎಂಬ ನಾಲ್ಕಕ್ಷರದ ಕೋಡ್ ಹಾಕಿ. ಟಿಕೆಟ್ ಮೇಲಿರುವ ಮೂರಕ್ಷರದ್ದು ಬೇರೆ, ಅದು ಇಲ್ಲಿ ನಡೆಯುವುದಿಲ್ಲ. ಚಾರ್ಟ್‌ಗಳು 28 ದಿನದ ಲೆಕ್ಕದಲ್ಲಿ ಬದಲಾಗುತ್ತವೆ. ಆದ್ದರಿಂದ ಹಳೆಯ ಪಿಡಿಎಫ್ ಇಟ್ಟುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಪೈಲಟ್ ಮತ್ತು ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಮಾತಾಡುವುದನ್ನು ಕೇಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕೆಲವು ದೇಶಗಳದ್ದು ಇಂಟರ್ನೆಟ್‌ನಲ್ಲಿ ಬರುತ್ತದೆ. ಬ್ರಿಟನ್ನಿನಲ್ಲಿ ಅದು ಕಾನೂನಿಗೆ ವಿರುದ್ಧ. ಹಾಗಾಗಿ ಹೀಥ್ರೋ ವಿಷಯದಲ್ಲಿ ನಕ್ಷೆಯೇ ಗತಿ.

ಹೆಜ್ಜೆ 1: ಬಿಂದುಗಳನ್ನು ಗುರುತಿಸಿ

ಆಕಾಶದ ದಾರಿ ಅಂದರೆ ಹೆಸರಿಟ್ಟ ಬಿಂದುಗಳ ಸರ. ಒಂದೊಂದು ಬಿಂದುವೂ ಒಂದು ವೇಪಾಯಿಂಟ್. ಅಕ್ಷಾಂಶ, ರೇಖಾಂಶ, ಒಂದು ಹೆಸರು, ಇಷ್ಟೇ ಅದರ ಬಂಡವಾಳ. ಅಲ್ಲಿ ಹೋಗಿ ನೋಡಿದರೆ ಗಾಳಿ ಬಿಟ್ಟು ಬೇರೇನೂ ಇರುವುದಿಲ್ಲ.

ಹಿಂದೆ ಹಾಗಿರಲಿಲ್ಲ. ನೆಲದ ಮೇಲೆ ವಿಓಆರ್ ಎಂಬ ರೇಡಿಯೋ ಕೇಂದ್ರಗಳಿದ್ದವು, ಈಗಲೂ ಕೆಲವು ಇವೆ. ದೀಪಸ್ತಂಭದ ಹಾಗೆ ಅವು ಸುತ್ತಲೂ ಸಿಗ್ನಲ್ ಬಿಡುತ್ತವೆ. ನಾನು ಈ ಕೇಂದ್ರದಿಂದ ಯಾವ ದಿಕ್ಕಿನಲ್ಲಿದ್ದೇನೆ ಅಂತ ವಿಮಾನಕ್ಕೆ ಗೊತ್ತಾಗುತ್ತಿತ್ತು. ಒಂದು ವಿಓಆರ್ ಹಿಡಿದು ಹೋಗು, ಅದು ದಾಟಿದ ಮೇಲೆ ಇನ್ನೊಂದು ಹಿಡಿ. ಹೀಗೆ ಕಂಬದಿಂದ ಕಂಬಕ್ಕೆ ಹಾರುತ್ತಿದ್ದರು. ಇವುಗಳಿಗೆ ಮೂರಕ್ಷರದ ಗುರುತು. ಲಾಂಬೋರ್ನ್‌ಗೆ ಎಲ್‌ಎಎಂ, ಬೋವಿಂಗ್ಡನ್‌ಗೆ ಬಿಎನ್‌ಎನ್, ಬಿಗಿನ್‌ಗೆ ಬಿಐಜಿ, ಆಕಮ್‌ಗೆ ಓಸಿಕೆ. ಈ ನಾಲ್ಕೂ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಈಗ ವಿಮಾನದ ಕಂಪ್ಯೂಟರ್ ಜಿಪಿಎಸ್‌ನಿಂದಲೂ, ತನ್ನ ಚಲನೆಯನ್ನು ಅಳೆಯುವ ಒಳಗಿನ ಜಡತ್ವ ಯಂತ್ರದಿಂದಲೂ, ನೆಲದ ಕೇಂದ್ರಗಳಿಂದಲೂ ತನ್ನ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ಕಂಬ ಬೇಕಿಲ್ಲ. ಎಲ್ಲಿ ಬೇಕಾದರೂ ಬಿಂದು ಇಡಬಹುದು. ಹೊಸ ಬಿಂದುಗಳಿಗೆ ಐದಕ್ಷರದ, ಬಾಯಲ್ಲಿ ಹೇಳಲು ಬರುವ ಹೆಸರು ಇಡುತ್ತಾರೆ. ಹೆಚ್ಚಿನವು ಅರ್ಥವಿಲ್ಲದ ಶಬ್ದಗಳು. ಅಮೆರಿಕದವರು ಮಾತ್ರ ತಮಾಷೆ ಬಿಡುವುದಿಲ್ಲ. ಸುಟ್ಟ ಮಾಂಸಕ್ಕೆ ಹೆಸರಾದ ಕನ್ಸಾಸ್ ಸಿಟಿಯ ಬಿಂದುಗಳಲ್ಲಿ 'ಸ್ಪೈಸಿ', 'ಬಾರ್ಬಿಕ್ಯೂ', 'ರಿಬ್ಸ್' ಎಲ್ಲ ಇವೆ. ನಮ್ಮಲ್ಲಾದರೆ ದೋಸೆ, ಚಟ್ನಿ ಅಂತ ಇಡಬಹುದಿತ್ತು ಅಲ್ವಾ?

ಹೆಸರಿನ ವಿಷಯ ಬರೀ ತಮಾಷೆಯಲ್ಲ. 1995ರ ಡಿಸೆಂಬರ್ 20ರಂದು ಅಮೆರಿಕನ್ ಏರ್‌ಲೈನ್ಸ್‌ನ 965ನೇ ವಿಮಾನ ಕೊಲಂಬಿಯಾದ ಕಾಲಿ ಊರಿಗೆ ಇಳಿಯುತ್ತಿತ್ತು. ಹತ್ತಿರದ ರೋಸೋ ಕೇಂದ್ರಕ್ಕೆ ಹೋಗಲು ಪೈಲಟ್‌ಗಳು ಕಂಪ್ಯೂಟರ್‌ಗೆ 'ಆರ್' ಅಂತ ಹಾಕಿದರು. ಚಾರ್ಟ್‌ನಲ್ಲಿ ರೋಸೋಗೆ ಅದೇ ಗುರುತು. ಆದರೆ ಕಂಪ್ಯೂಟರ್‌ನ ಪಟ್ಟಿಯಲ್ಲಿ 'ಆರ್' ಅಂದರೆ ಬೊಗೋಟಾ ಹತ್ತಿರದ ರೋಮಿಯೋ ಎಂಬ ಬೇರೆ ಕೇಂದ್ರ. ವಿಮಾನ ಎಡಕ್ಕೆ ತಿರುಗಿತು. ಕತ್ತಲಲ್ಲಿ, ಇಳಿಯುತ್ತಾ, ಕಣಿವೆ ಬಿಟ್ಟು ಬೆಟ್ಟಕ್ಕೆ ಬಡಿಯಿತು. 159 ಜನ ಸತ್ತರು. ಇವತ್ತು ಒಬ್ಬ ಪೈಲಟ್ ಬಿಂದು ಹಾಕಿದರೆ ಇನ್ನೊಬ್ಬರು ಚಾರ್ಟ್ ಹಿಡಿದು ದಿಕ್ಕು, ದೂರ ತಾಳೆ ನೋಡುವುದು ಸುಮ್ನೆ ಅಲ್ಲ.

ಇನ್ನೊಂದು ಇತ್ತೀಚಿನದು. 2023ರ ಆಗಸ್ಟ್ 28ರಂದು ಬ್ರಿಟನ್ನಿನ ಇಡೀ ವಿಮಾನ ಸಂಚಾರ ತತ್ತರಿಸಿತು. ಕಾರಣ ಒಂದೇ ಒಂದು ಫ್ಲೈಟ್ ಪ್ಲಾನ್, ಅಂದರೆ ವಿಮಾನ ಹೊರಡುವ ಮುಂಚೆ ಕೊಡುವ ದಾರಿಯ ವಿವರ. ಅದರಲ್ಲಿ 'ಡಿವಿಎಲ್' ಎಂಬ ಒಂದೇ ಗುರುತಿನ ಎರಡು ಬಿಂದುಗಳಿದ್ದವು, ಒಂದು ಫ್ರಾನ್ಸಿನ ಡೋವಿಲ್, ಇನ್ನೊಂದು ಅಮೆರಿಕದ ಡೆವಿಲ್ಸ್ ಲೇಕ್. ದಾರಿ ಎಲ್ಲಿ ಹೊರಗೆ ಹೋಗುತ್ತದೆ ಅಂತ ಬಿಡಿಸಲಾಗದೆ ನ್ಯಾಟ್ಸ್‌ನ ಕಂಪ್ಯೂಟರ್ ಕೈ ಚೆಲ್ಲಿ ನಿಂತಿತು. ಅದರ ಹಿಂದೆ ಕಾಯುತ್ತಿದ್ದ ಬದಲಿ ಕಂಪ್ಯೂಟರ್ ಕೂಡ ಅದೇ ಪ್ಲಾನ್ ಓದಿ ಹಾಗೇ ನಿಂತಿತು. 7 ಲಕ್ಷಕ್ಕೂ ಜಾಸ್ತಿ ಪ್ರಯಾಣಿಕರಿಗೆ ತೊಂದರೆಯಾಯಿತು.

ಹೆಜ್ಜೆ 2: ಏರ್‌ವೇ ಮತ್ತು ಫ್ಲೈಟ್ ಪ್ಲಾನ್

ಬಿಂದುಗಳನ್ನು ಜೋಡಿಸುವ ಗೆರೆಗೆ ಏರ್‌ವೇ ಅನ್ನುತ್ತಾರೆ. ಹೆದ್ದಾರಿಯ ಹಾಗೆ ಅದಕ್ಕೂ ನಂಬರು. ನಂಬರಿನ ಮೊದಲಿಗಿರುವ ಅಕ್ಷರ ನೋಡಿ. ಎ, ಬಿ, ಜಿ, ಆರ್ ಇದ್ದರೆ ಹಳೆಯ ಕಂಬದಿಂದ ಕಂಬಕ್ಕೆ ಹೋಗುವ ಅಂತರರಾಷ್ಟ್ರೀಯ ದಾರಿ. ಎಲ್, ಎಂ, ಎನ್, ಪಿ ಇದ್ದರೆ ಕಂಪ್ಯೂಟರ್ ಲೆಕ್ಕದ ದಾರಿ. ಮಲೇಷ್ಯಾ ಕಡೆಯಿಂದ ಬಂಗಾಳ ಕೊಲ್ಲಿ, ದಕ್ಷಿಣ ಭಾರತ ದಾಟಿ ಅರಬ್ಬೀ ಸಮುದ್ರಕ್ಕೆ ಹೋಗುವ ಎನ್571 ನಮ್ಮ ತಲೆ ಮೇಲಿನ ದೊಡ್ಡ ಹೆದ್ದಾರಿ. ಡಬ್ಲ್ಯು ಅಕ್ಷರದವು ಹೆಚ್ಚಾಗಿ ದೇಶದೊಳಗಿನವು.

ಎತ್ತರಕ್ಕೂ ಟ್ರಾಫಿಕ್ ನಿಯಮವಿದೆ. ಸಾಮಾನ್ಯವಾಗಿ ಪೂರ್ವಕ್ಕೆ ಹೋಗುವವರು ಬೆಸ ಸಾವಿರದಲ್ಲಿ, 35 ಸಾವಿರ, 37 ಸಾವಿರ ಅಡಿ. ಪಶ್ಚಿಮಕ್ಕೆ ಹೋಗುವವರು ಸಮ ಸಾವಿರದಲ್ಲಿ, 34, 36. ತಂಗಿಯ ವಿಮಾನ ಯಾಕೆ 36 ಸಾವಿರದಲ್ಲಿ ಇತ್ತು ಅಂತ ಈಗ ಗೊತ್ತಾಯಿತಲ್ಲ. ಎದುರು ಬರುವವರು ಸಾವಿರ ಅಡಿ ಮೇಲೋ ಕೆಳಗೋ ಇರುತ್ತಾರೆ.

ಫ್ಲೈಟ್ ಪ್ಲಾನ್‌ನ ದಾರಿಯ ಸಾಲು ಸಿಕ್ಕರೆ ಓದುವುದು ಸುಲಭ. 'ಎನ್0480ಎಫ್360' ಅಂದರೆ 480 ನಾಟ್ ವೇಗ (ಗಂಟೆಗೆ 480 ನಾಟಿಕಲ್ ಮೈಲಿ), 36 ಸಾವಿರ ಅಡಿ. ಆಮೇಲೆ ಬಿಂದು, ಏರ್‌ವೇ, ಬಿಂದು, ಏರ್‌ವೇ ಹೀಗೆ ಬರುತ್ತದೆ. ಮಧ್ಯೆ 'ಡಿಸಿಟಿ' ಕಂಡರೆ ಏರ್‌ವೇ ಇಲ್ಲದೆ ನೇರವಾಗಿ ಮುಂದಿನ ಬಿಂದುವಿಗೆ ಅಂತ. ಯುರೋಪಿನ ಮೇಲ್ಮಟ್ಟದಲ್ಲಿ ಈಗ ಬಹಳ ಕಡೆ ಏರ್‌ವೇಗಳನ್ನೇ ತೆಗೆದುಹಾಕಿದ್ದಾರೆ. ಒಳಗೆ ಬರುವ ಬಿಂದು, ಹೊರಗೆ ಹೋಗುವ ಬಿಂದು, ನಡುವೆ ನಿಮ್ಮಿಷ್ಟ. ಆದ್ದರಿಂದ ಜರ್ಮನಿ ಮೇಲೆ ವಿಮಾನ ಯಾವ ಗೆರೆಯ ಮೇಲೂ ಇಲ್ಲದಿದ್ದರೆ ದಾರಿ ತಪ್ಪಿದೆ ಅಂದುಕೊಳ್ಳಬೇಡಿ. ಸ್ವಾತಂತ್ರ್ಯ ಇರುವುದು ಅಲ್ಲೇ. ಊರು ಹತ್ತಿರ ಬಂದಂತೆ ಹಗ್ಗ ಬಿಗಿಯಾಗುತ್ತದೆ.

ಹೆಜ್ಜೆ 3: ಎಲ್ಲಿಂದ ಇಳಿಯುತ್ತದೆ? ನೀವೇ ಲೆಕ್ಕ ಹಾಕಿ

ಇದು ನನಗೆ ತುಂಬ ಇಷ್ಟವಾದ ಭಾಗ. ಬೆರಳಲ್ಲೇ ಎಣಿಸಬಹುದು. ಕಳೆದುಕೊಳ್ಳಬೇಕಾದ ಎತ್ತರವನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಳ್ಳಿ. ಮೂರರಿಂದ ಗುಣಿಸಿ. ಅಷ್ಟು ನಾಟಿಕಲ್ ಮೈಲಿ ಮುಂಚೆ ಇಳಿಯಲು ಶುರು ಮಾಡಬೇಕು. ವೇಗ ತಗ್ಗಿಸಲು ಇನ್ನೊಂದು ಹತ್ತು ಮೈಲಿ ಸೇರಿಸಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಮುಂದೆ ಬರುವ ಮೈಲಿಯೆಲ್ಲ ಇದೇ.

ಪೂರ್ವದಿಂದ ಹೀಥ್ರೋಗೆ ಬರುವ ವಿಮಾನ ಸಾಮಾನ್ಯವಾಗಿ ಲಾಂಬೋರ್ನ್ ಹತ್ತಿರ ಬರುವಾಗ ಎಂಟೊಂಬತ್ತು ಸಾವಿರ ಅಡಿಗೆ ಇಳಿದಿರಬೇಕು ಅಂತ ಇಟ್ಟುಕೊಳ್ಳಿ. 36ರಿಂದ 9ಕ್ಕೆ, ಅಂದರೆ 27 ಸಾವಿರ ಕಳೆಯಬೇಕು. 27 ಮೂರಲೆ 81. ಮೇಲೆ ಹತ್ತು. ಸುಮಾರು 90 ಮೈಲಿ. ನಕ್ಷೆಯಲ್ಲಿ ಲಾಂಬೋರ್ನ್‌ನಿಂದ ಪೂರ್ವಕ್ಕೆ ಅಷ್ಟು ದೂರ ಅಳೆದರೆ ಉತ್ತರ ಸಮುದ್ರದ ಮೇಲೆ ಬರುತ್ತೀರಿ. ಅಲ್ಲಿ ಎತ್ತರದ ಅಂಕಿ ಇಳಿಯಲು ಶುರುವಾಗುತ್ತದೆ. ಒಳಗೆ ಕೂತವರಿಗೆ ಎಂಜಿನ್ನಿನ ಸದ್ದು ದಿಢೀರನೆ ಮೆತ್ತಗಾದಂತೆ ಕೇಳಿಸುತ್ತದೆ. ಎಂಜಿನ್ ನಿಂತಿಲ್ಲ. ಇಳಿಜಾರಿನಲ್ಲಿ ಆ್ಯಕ್ಸಿಲರೇಟರ್ ಬಿಟ್ಟ ಹಾಗೆ, ಅಷ್ಟೇ.

ಕಂಟ್ರೋಲರ್ ಬೇಗನೆ ಇಳಿಸಿದರೆ ಲೆಕ್ಕ ತಪ್ಪುತ್ತದೆ. ಕೆಳಗೆ ಅಡ್ಡ ಹೋಗುವ ಬೇರೆ ವಿಮಾನವಿರಬಹುದು, ಬೇರೆ ದೇಶದ ಕಂಟ್ರೋಲರ್‌ಗೆ ಒಪ್ಪಿಸುವ ಎತ್ತರ ಬೇರೆ ಇರಬಹುದು. ನಿಮ್ಮ ಲೆಕ್ಕ ಹತ್ತಿಪ್ಪತ್ತು ಮೈಲಿ ಆಚೀಚೆಯಾದರೆ ಬೇಜಾರು ಬೇಡ.

ಹೆಜ್ಜೆ 4: ಸ್ಟಾರ್ ಚಾರ್ಟ್ ಓದಿ

ದೊಡ್ಡ ದಾರಿಯಿಂದ ವಿಮಾನ ನಿಲ್ದಾಣದ ಬಾಗಿಲವರೆಗೆ ತರುವ, ಮೊದಲೇ ಬರೆದಿಟ್ಟ ದಾರಿಗೆ 'ಸ್ಟಾರ್' ಅನ್ನುತ್ತಾರೆ. ಶುರುವಾಗುವ ಬಿಂದುವಿನ ಹೆಸರು, ಒಂದು ಅಂಕಿ, ಒಂದು ಅಕ್ಷರ ಸೇರಿ ಅದರ ಹೆಸರು. ಲೋಗನ್ ಎಂಬ ಬಿಂದುವಿನಿಂದ ಶುರುವಾಗಿ ಲಾಂಬೋರ್ನ್‌ಗೆ ತರುವ ದಾರಿ 'ಲೋಗನ್ 2ಎಚ್' ಎಂಬಂಥ ಹೆಸರಿನಲ್ಲಿ ಸಿಗುತ್ತದೆ. ಅಂಕಿ ಆವೃತ್ತಿಯದು. ದಾರಿ ತಿದ್ದಿದಾಗೆಲ್ಲ ಒಂದು ಏರುತ್ತದೆ.

ಚಾರ್ಟ್ ತೆರೆದ ಕೂಡಲೇ ಗಾಬರಿಯಾಗುತ್ತದೆ, ಗೊತ್ತು. ನೀವು ನೋಡಬೇಕಾದ್ದು ಪ್ರತಿ ಬಿಂದುವಿನ ಪಕ್ಕದ ಅಂಕಿಗಳನ್ನು ಮಾತ್ರ. ಅಂಕಿಯ ಕೆಳಗೆ ಗೆರೆ ಇದ್ದರೆ ಅಷ್ಟು ಎತ್ತರ ಅಥವಾ ಅದಕ್ಕಿಂತ ಮೇಲೆ ಇರಬೇಕು. ಮೇಲೆ ಗೆರೆ ಇದ್ದರೆ ಅಷ್ಟೇ ಅಥವಾ ಅದಕ್ಕಿಂತ ಕೆಳಗೆ. ಎರಡೂ ಕಡೆ ಗೆರೆ ಇದ್ದರೆ ಸರಿಯಾಗಿ ಅಷ್ಟೇ. ಗೆರೆಯನ್ನು ನೆಲ ಅಥವಾ ಸೂರು ಅಂದುಕೊಂಡರೆ ಮರೆಯುವುದಿಲ್ಲ. ಕೆಳಗಿನ ಗೆರೆ ನೆಲ, ಅದನ್ನು ಕೊರೆದು ಹೋಗುವ ಹಾಗಿಲ್ಲ.

ವೇಗದ ಮಿತಿಯೂ ಅಲ್ಲೇ ಇರುತ್ತದೆ. ಸಾಮಾನ್ಯವಾಗಿ 10 ಸಾವಿರ ಅಡಿ ಕೆಳಗೆ 250 ನಾಟ್ ದಾಟುವಂತಿಲ್ಲ. ಸರದ ಒಂದೊಂದು ಮಣಿಗೂ ಹೀಗೆ ಜಾಗ, ಎತ್ತರ, ವೇಗ ಮೂರೂ ಕಟ್ಟಿರುತ್ತವೆ. ಜಾಗ ಸರಿಯಿದ್ದು ಎತ್ತರ ತಪ್ಪಿದರೂ ದಾರಿ ತಪ್ಪಿದ ಹಾಗೇ.

ಆ್ಯಪ್‌ನಲ್ಲಿ ವಿಮಾನ ಬಿಂದುವಿನ ಮೇಲೆ ಸರಿಯಾಗಿ ಹೋಗದೆ ಒಳಮೈಯಿಂದ ತಿರುಗಿದ್ದು ಕಂಡರೆ ಅದೂ ತಪ್ಪಲ್ಲ. ಹೆಚ್ಚಿನ ಬಿಂದುಗಳು 'ಫ್ಲೈ ಬೈ'. ತಿರುವು ಬರುವ ಮುಂಚೆಯೇ ವಾಲಿ, ಮೂಲೆಯನ್ನು ಸವರಿಕೊಂಡು ಹೋಗುತ್ತದೆ. ಮೇಲೆಯೇ ಹೋಗಬೇಕಾದ ಬಿಂದುಗಳಿಗೆ ಚಾರ್ಟ್‌ನಲ್ಲಿ ಸುತ್ತಲೂ ಒಂದು ವೃತ್ತ ಬರೆದಿರುತ್ತಾರೆ.

ಒಂದು ಗೊಂದಲವನ್ನು ಇಲ್ಲೇ ತೀರಿಸಿಬಿಡೋಣ. ಆ್ಯಪ್ ತೋರಿಸುವ ಎತ್ತರ ಗಾಳಿಯ ಒತ್ತಡದಿಂದ ಬಂದದ್ದು. ಮೇಲೆ ಹಾರುವಾಗ ಎಲ್ಲ ವಿಮಾನಗಳೂ ತಮ್ಮ ಮಾಪಕವನ್ನು 1013 ಹೆಕ್ಟೋಪಾಸ್ಕಲ್‌ಗೆ ಇಟ್ಟಿರುತ್ತವೆ. ಆಗ ಎತ್ತರಕ್ಕೆ ಫ್ಲೈಟ್ ಲೆವೆಲ್ ಅಂತ ಹೆಸರು. ಕೆಳಗೆ ಬಂದ ಮೇಲೆ ಪೈಲಟ್‌ಗಳು ಆ ಊರಿನ ಅವತ್ತಿನ ಒತ್ತಡಕ್ಕೆ ತಿರುಗಿಸಿಕೊಳ್ಳುತ್ತಾರೆ. ಲಂಡನ್ನಿನಲ್ಲಿ ಆ ಗಡಿ 6 ಸಾವಿರ ಅಡಿ, ಅಮೆರಿಕದಲ್ಲಿ 18 ಸಾವಿರ. ಆದರೆ ವಿಮಾನ ಹೊರಗೆ ಬಿಡುವ ಸಿಗ್ನಲ್ ಯಾವಾಗಲೂ 1013ರ ಲೆಕ್ಕದ್ದೇ. ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. ಲಂಡನ್ನಿನಲ್ಲಿ ಒತ್ತಡ 1030 ಇರುವ ದಿನ ಆ್ಯಪ್ ಸುಮಾರು 475 ಅಡಿ ಕಡಿಮೆ ತೋರಿಸುತ್ತದೆ. ರನ್‌ವೇ ಇನ್ನೂ ದೂರ ಇರುವಾಗಲೇ ವಿಮಾನ ನೆಲಕ್ಕೆ ತಾಗುವ ಹಾಗೆ ಕಾಣುತ್ತದೆ. ಅಮ್ಮ ಎರಡನೇ ಸಲ ಹೆದರಿದ್ದು ಇದಕ್ಕೇ.

ಹೆಜ್ಜೆ 5: ಗಿರಕಿ

ಹೀಥ್ರೋ ಸುತ್ತ ನಾಲ್ಕು ಕಾಯುವ ಜಾಗಗಳಿವೆ. ಈಶಾನ್ಯಕ್ಕೆ ಲಾಂಬೋರ್ನ್, ವಾಯವ್ಯಕ್ಕೆ ಬೋವಿಂಗ್ಡನ್, ಆಗ್ನೇಯಕ್ಕೆ ಬಿಗಿನ್, ನೈಋತ್ಯಕ್ಕೆ ಆಕಮ್. ಮನೆಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಜಗಲಿ ಕಟ್ಟಿದ ಹಾಗೆ. ಜರ್ಮನಿ, ನೆದರ್ಲೆಂಡ್ಸ್ ಕಡೆಯಿಂದ ಸಮುದ್ರ ದಾಟಿ ಬರುವವರಿಗೆ ಲಾಂಬೋರ್ನ್. ನಮ್ಮ ಕಡೆಯ ವಿಮಾನಗಳು ಹೆಚ್ಚಾಗಿ ಅಲ್ಲೇ ಕಾಯುತ್ತವೆ.

ಇಷ್ಟು ಕಾಯಿಸುವುದು ಯಾಕೆ? ಹೀಥ್ರೋದಲ್ಲಿ ಇರುವುದು ಎರಡೇ ರನ್‌ವೇ. ಸಾಮಾನ್ಯವಾಗಿ ಒಂದು ಏರಲು, ಒಂದು ಇಳಿಯಲು. ವರ್ಷಕ್ಕೆ 4,80,000 ಹಾರಾಟದ ಮಿತಿ, ಅದರ ಅಂಚಿನಲ್ಲೇ ನಡೆಯುತ್ತದೆ. ದಟ್ಟಣೆ ಇದ್ದಾಗ ಸುಮಾರು ಒಂದೂವರೆ ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ. ಒಂದು ಜಾಗವೂ ಖಾಲಿ ಹೋಗಬಾರದು ಅಂದರೆ ಬಾಗಿಲಲ್ಲಿ ಯಾವಾಗಲೂ ನಾಲ್ಕು ಜನ ಸಿದ್ಧವಾಗಿ ನಿಂತಿರಬೇಕು. ಹೋಟೆಲಿನಲ್ಲಿ ಊಟ ಮಾಡುವವರ ಬೆನ್ನ ಹಿಂದೆ ನಿಲ್ಲುವುದಿಲ್ಲವೇ, ಹಾಗೆ.

ಈಗ ಗಿರಕಿಯನ್ನು ಓದುವ ಬಗೆ. ಅದು ವೃತ್ತವಲ್ಲ, ಓಟದ ಮೈದಾನದ ಆಕಾರ. ಎರಡು ನೇರ ಬದಿ, ಎರಡು ತಿರುವು. 14 ಸಾವಿರ ಅಡಿಯವರೆಗೆ ನೇರ ಬದಿ ಒಂದು ನಿಮಿಷ, ಅದಕ್ಕಿಂತ ಮೇಲಾದರೆ ಒಂದೂವರೆ ನಿಮಿಷ. ಅರ್ಧ ಸುತ್ತಿನ ತಿರುವಿಗೆ ಸುಮಾರು ಒಂದು ನಿಮಿಷ. ಒಟ್ಟು ಒಂದು ಸುತ್ತಿಗೆ ಹೆಚ್ಚು ಕಡಿಮೆ ನಾಲ್ಕು ನಿಮಿಷ. ಮಾಮೂಲಾಗಿ ತಿರುವು ಬಲಕ್ಕೆ. ಎಡಕ್ಕೆ ಇದ್ದರೆ ಚಾರ್ಟ್‌ನಲ್ಲಿ ಹಾಗೇ ಬರೆದಿರುತ್ತಾರೆ. ಗಾಳಿ ಜೋರಾಗಿದ್ದರೆ ಆಕಾರ ಸೊಟ್ಟಗಾಗುತ್ತದೆ.

ಒಂದೇ ಜಾಗದಲ್ಲಿ ಐದಾರು ವಿಮಾನ ಸುತ್ತುವುದು ಕಂಡರೆ ಡಿಕ್ಕಿಯಾಗುವ ಹಾಗೆ ಅನ್ನಿಸುತ್ತದೆ. ಒಂದೊಂದನ್ನೇ ಒತ್ತಿ ಎತ್ತರ ನೋಡಿ. ಸಾವಿರ ಅಡಿಗೊಂದು ಮೆಟ್ಟಿಲು. 8 ಸಾವಿರದಲ್ಲಿ ಒಂದು, 9ರಲ್ಲಿ ಒಂದು, 10ರಲ್ಲಿ ಒಂದು. ಹೊಸಬರು ಮೇಲಿನ ಮೆಟ್ಟಿಲಿಗೆ ಸೇರುತ್ತಾರೆ. ಕೆಳಗಿನವರು ಹೊರಟ ಮೇಲೆ ಎಲ್ಲರೂ ಒಂದೊಂದು ಮೆಟ್ಟಿಲು ಇಳಿಯುತ್ತಾರೆ. ನಿಮ್ಮವರ ವಿಮಾನದ ಕೆಳಗೆ ಎಷ್ಟು ವಿಮಾನಗಳಿವೆ ಅಂತ ಎಣಿಸಿ. ಅವರ ಸರದಿ ಗೊತ್ತಾಯಿತು! ಉಳಿದ ಮೂರು ಜಗಲಿಯವರೂ ಮಧ್ಯೆ ಸೇರಿಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಮರೆಯಬೇಡಿ. ನಾನು ಮೊದಮೊದಲು ಅದನ್ನು ಮರೆತು, "ಇನ್ನೈದು ನಿಮಿಷ ಅಷ್ಟೇ" ಅಂತ ಹೇಳಿ ಬೈಸಿಕೊಂಡಿದ್ದೇನೆ.

ಇಂಧನ? ಕಾಯಬೇಕಾಗುತ್ತದೆ ಅಂತ ಗೊತ್ತಿದ್ದೇ ತುಂಬಿಸಿರುತ್ತಾರೆ. ಬೇರೆ ಊರಿಗೆ ಹೋಗುವಷ್ಟು, ಅದರ ಮೇಲೆ 30 ನಿಮಿಷ ಹಾರುವಷ್ಟು ಮುಟ್ಟಬಾರದ ಗಂಟು ಇರುತ್ತದೆ. ಆ ಗಂಟಿಗೆ ಕೈ ಹಾಕಬೇಕಾಗಿ ಬಂದರೆ ಪೈಲಟ್ 'ಮೇಡೇ ಫ್ಯೂಯಲ್' ಅನ್ನಬೇಕು. ಅಲ್ಲಿವರೆಗೆ ಹೋಗದೆ ಎಷ್ಟೋ ಮುಂಚೆ ಬೇರೆ ಊರಿನ ದಾರಿ ಹಿಡಿಯುತ್ತಾರೆ.

ಗಿರಕಿ ಕಡಿಮೆ ಮಾಡಲು ಈಗ ಒಂದು ಉಪಾಯ ಮಾಡಿದ್ದಾರೆ. ಕ್ಯೂ ಉದ್ದವಾಗುವುದು ಮುಂಚೆಯೇ ಗೊತ್ತಾದರೆ ಸುಮಾರು 350 ಮೈಲಿ ದೂರದಲ್ಲೇ, ಬೇರೆ ದೇಶದ ಆಕಾಶದಲ್ಲೇ, ವಿಮಾನಕ್ಕೆ ಸ್ವಲ್ಪ ನಿಧಾನ ಹೋಗಲು ಹೇಳುತ್ತಾರೆ. ಹೇಗೂ ಕಾಯಬೇಕು, ಎತ್ತರದಲ್ಲೇ ನಿಧಾನವಾಗಿ ಬಂದರೆ ಇಂಧನ ಉಳಿಯುತ್ತದೆ. ಪೂರ್ವ ಲಂಡನ್ನಿನ ಪುಟ್ಟ ಲಂಡನ್ ಸಿಟಿ ವಿಮಾನ ನಿಲ್ದಾಣಕ್ಕೆ 2016ರಿಂದ ಬೇರೆಯೇ ಪದ್ಧತಿ. ಥೇಮ್ಸ್ ನದಿ ಸಮುದ್ರ ಸೇರುವ ಕಡೆ ಬಿಲ್ಲಿನಂಥ ಗೆರೆಯ ಮೇಲೆ ವಿಮಾನಗಳು ಹೋಗುತ್ತಿರುತ್ತವೆ. ಸರದಿ ಬಂದಾಗ ಬಿಲ್ಲು ಬಿಟ್ಟು ಮಧ್ಯದ ಬಿಂದುವಿನತ್ತ ಬಾಣದ ಹಾಗೆ ತಿರುಗುತ್ತವೆ. ಸುತ್ತುವ ಕೆಲಸವಿಲ್ಲ. ನೋಡಲು ಬಲು ಚಂದ.

ಹೆಜ್ಜೆ 6: ಸರ ಹರಿದ ಮೇಲೆ

ಲಾಂಬೋರ್ನ್ ಬಿಟ್ಟ ಮೇಲೆ ಚಾರ್ಟ್‌ನಲ್ಲಿ ಗೆರೆ ಹುಡುಕಬೇಡಿ, ಸಿಗುವುದಿಲ್ಲ. ಇಲ್ಲಿಂದ ದಾರಿ ಅಂದರೆ ಒಬ್ಬ ಮನುಷ್ಯನ ಧ್ವನಿ. ಹ್ಯಾಂಪ್‌ಶೈರ್‌ನ ಸ್ವಾನ್‌ವಿಕ್ ಎಂಬಲ್ಲಿ ರಾಡಾರ್ ಮುಂದೆ ಕೂತ ಕಂಟ್ರೋಲರ್ ಒಂದೊಂದೇ ದಿಕ್ಕು ಹೇಳುತ್ತಾ ಹೋಗುತ್ತಾರೆ. ಇದಕ್ಕೆ ವೆಕ್ಟರ್ ಅನ್ನುತ್ತಾರೆ. ಇಷ್ಟೊಂದು ಜಿಪಿಎಸ್, ಕಂಪ್ಯೂಟರ್ ಇದ್ದರೂ ಕೊನೆಯ ಮೈಲಿಗಳಲ್ಲಿ "ಎಡಕ್ಕೆ ತಿರುಗಿ" ಅಂತ ಬಾಯಲ್ಲಿ ಹೇಳಿಯೇ ಸಾಲು ಕಟ್ಟುವುದು ನನಗೆ ಇವತ್ತಿಗೂ ಸೋಜಿಗ.

ಪಶ್ಚಿಮ ದಿಕ್ಕಿಗೆ ಇಳಿಯುವ ದಿನ ಲಾಂಬೋರ್ನ್‌ನಿಂದ ಮೊದಲು ಪಶ್ಚಿಮಕ್ಕೆ ಕಳಿಸುತ್ತಾರೆ. ಆಮೇಲೆ ಎಡಕ್ಕೆ, ದಕ್ಷಿಣದ ಕಡೆ. ರನ್‌ವೇಯ ಗೆರೆ ಹತ್ತಿರ ಬಂದಾಗ ಬಲಕ್ಕೆ, ಗೆರೆಗೆ ಓರೆಯಾಗಿ ಸೇರುವ ಹಾಗೆ. ವೇಗವೂ ಮೆಟ್ಟಿಲಿಳಿಯುತ್ತದೆ: 220, 180, ಆಮೇಲೆ 160. ರನ್‌ವೇಗೆ 4 ಮೈಲಿ ಇರುವವರೆಗೂ 160 ನಾಟ್ ಹಿಡಿದಿರಬೇಕು ಅನ್ನುವುದು ಹೀಥ್ರೋದ ಕಟ್ಟುನಿಟ್ಟು. ಒಬ್ಬರು ಬೇಗ ನಿಧಾನವಾದರೆ ಹಿಂದಿನವರೆಲ್ಲರ ಲೆಕ್ಕ ಕೆಡುತ್ತದೆ. ಆ್ಯಪ್‌ನ ವೇಗ ನೆಲದ ಮೇಲಿನ ವೇಗ, ಗಾಳಿ ಸೇರಿ ಹೆಚ್ಚು ಕಡಿಮೆ ಕಾಣುತ್ತದೆ. ಆದರೆ ಸಾಲಿನಲ್ಲಿರುವ ಎಲ್ಲರ ಅಂಕಿಯೂ ಹತ್ತಿರ ಹತ್ತಿರ ಇರುವುದನ್ನು ನೋಡಬಹುದು.

ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಎ380ನಂಥ ದೊಡ್ಡ ವಿಮಾನ ರೆಕ್ಕೆ ತುದಿಯಿಂದ ಗಾಳಿಯ ಸುಳಿ ಬಿಟ್ಟು ಹೋಗುತ್ತದೆ. ಅದರ ಹಿಂದೆ ಚಿಕ್ಕ ವಿಮಾನವಿದ್ದರೆ ಜಾಸ್ತಿ ದೂರ ಬಿಡುತ್ತಾರೆ. 2015ರಿಂದ ಹೀಥ್ರೋದಲ್ಲಿ ಈ ಅಂತರವನ್ನು ಮೈಲಿಯ ಬದಲು ಸಮಯದಲ್ಲಿ ಅಳೆಯುತ್ತಾರೆ. ಎದುರುಗಾಳಿ ಬಲವಾಗಿದ್ದಾಗ ಎಲ್ಲರೂ ನಿಧಾನವಾಗುವುದರಿಂದ ಇಳಿಯುವವರ ಸಂಖ್ಯೆ ಕುಸಿಯುತ್ತಿತ್ತು. ಈಗ ಅಷ್ಟು ಕುಸಿಯುವುದಿಲ್ಲ.

ತಂಗಿಗೆ ಹೇಳಿದ್ದೆ, ಬಲಗಡೆ ಕಿಟಕಿ ಹಿಡಿ ಅಂತ. ಪಶ್ಚಿಮಕ್ಕೆ ಇಳಿಯುವಾಗ ಇಡೀ ಲಂಡನ್ ನಡುಪೇಟೆ, ಥೇಮ್ಸ್ ನದಿ ಎಲ್ಲ ಬಲಕ್ಕೆ ಕಾಣುತ್ತದೆ.

ಹೆಜ್ಜೆ 7: ಕೊನೆಯ ಹತ್ತು ಮೈಲಿ

ಇಲ್ಲಿ ಐಎಲ್‌ಎಸ್ ಎಂಬ ಎರಡು ರೇಡಿಯೋ ಕಿರಣಗಳು ಕೈ ಹಿಡಿಯುತ್ತವೆ. ಒಂದು ಎಡಬಲ ಹೇಳುತ್ತದೆ, ಇನ್ನೊಂದು ಮೇಲೆಕೆಳಗೆ. ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ, ಮೈಲಿಗೆ ಸುಮಾರು 318 ಅಡಿ. ತಾಳೆ ನೋಡುವುದು ಸುಲಭ. 10 ಮೈಲಿಯಲ್ಲಿ 3 ಸಾವಿರ ಚಿಲ್ಲರೆ ಅಡಿ, 6ರಲ್ಲಿ 2 ಸಾವಿರ, 3ರಲ್ಲಿ ಒಂದು ಸಾವಿರ. ಸಾವಿರ ಅಡಿಯ ಹೊತ್ತಿಗೆ ಚಕ್ರ, ಫ್ಲಾಪ್ (ರೆಕ್ಕೆಯ ಹಿಂದೆ ಚಾಚುವ ಹಲಗೆ), ವೇಗ ಎಲ್ಲ ಸರಿಯಾಗಿ ಕೂತಿರಬೇಕು. ಇಲ್ಲದಿದ್ದರೆ ಇಳಿಯುವುದಿಲ್ಲ, ಮೇಲೆ ಹೋಗಿ ಮತ್ತೆ ಬರುತ್ತಾರೆ. ಹಾಗೆ ಮೇಲೆ ಹೋಗುವ ದಾರಿಯೂ ಚಾರ್ಟ್‌ನಲ್ಲಿ ಮೊದಲೇ ಬರೆದಿರುತ್ತದೆ.

ದೇವನಹಳ್ಳಿಯಲ್ಲಿ ಅಭ್ಯಾಸ ಮಾಡಿ

ಲಂಡನ್ನಿಗೆ ಯಾರೂ ಹೋಗುತ್ತಿಲ್ಲವೇ? ಬೆಂಗಳೂರನ್ನೇ ನೋಡಿ. ಇಲ್ಲಿಯೂ ಎರಡು ರನ್‌ವೇ, ಎರಡೂ 4 ಸಾವಿರ ಮೀಟರ್ ಉದ್ದ, ಪೂರ್ವ-ಪಶ್ಚಿಮವಾಗಿ. ಎದುರುಗಾಳಿಗೆ ಇಳಿಯುವುದು ನಿಯಮ. ಮುಂಗಾರಿನಲ್ಲಿ ಪಡುವಣ ಗಾಳಿ ಇದ್ದಾಗ 27 ನಂಬರಿನ ಕಡೆ, ಅಂದರೆ ಕೋಲಾರದ ದಿಕ್ಕಿನಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತವೆ. ಮೂಡಣ ಗಾಳಿಯಾದರೆ 09, ಆಗ ರಾಜಾನುಕುಂಟೆ ಕಡೆಯಿಂದ ಬರುತ್ತವೆ. 27 ಅಂದರೆ ದಿಕ್ಸೂಚಿಯ 270 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟದ್ದು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ದೇವನಹಳ್ಳಿ ಇರುವುದೇ ಸಮುದ್ರಮಟ್ಟದಿಂದ 3 ಸಾವಿರ ಅಡಿ ಎತ್ತರದಲ್ಲಿ. 36 ಸಾವಿರದಿಂದ ಇಳಿಯಲು ಕಳೆಯಬೇಕಾದ್ದು 33 ಮಾತ್ರ, ಅಂದರೆ 99 ಮೈಲಿ, ಮೇಲೆ ಹತ್ತು. ಕೊನೆಯ 10 ಮೈಲಿಯಲ್ಲಿ ಆ್ಯಪ್ 6 ಸಾವಿರ ಚಿಲ್ಲರೆ ತೋರಿಸಬೇಕು. ಗಾಳಿ ತೆಳುವಾದ್ದರಿಂದ ಅದೇ ವಿಮಾನ ಲಂಡನ್ನಿಗಿಂತ ನಮ್ಮಲ್ಲಿ ಸ್ವಲ್ಪ ಜಾಸ್ತಿ ವೇಗದಲ್ಲಿ ನೆಲ ಮುಟ್ಟುತ್ತದೆ. ಉತ್ತರಕ್ಕೆ ನಂದಿ ಬೆಟ್ಟ 4,851 ಅಡಿ. ಬೆಟ್ಟದಿಂದ ಕನಿಷ್ಠ ಸಾವಿರ ಅಡಿ ಮೇಲೆ ಇರಬೇಕು ಅನ್ನುವ ಲೆಕ್ಕ ಹಾಕಿದರೆ, ಆ ಕಡೆಯಿಂದ ಬರುವವರನ್ನು ಯಾಕೆ ತಡವಾಗಿ ಇಳಿಸುತ್ತಾರೆ ಅಂತ ತಿಳಿಯುತ್ತದೆ. ಡಿಸೆಂಬರ್-ಜನವರಿಯ ಮಂಜಿನ ಬೆಳಗ್ಗೆ ನೋಡಿದರೆ ಇನ್ನೂ ಚೆನ್ನ. ಗಿರಕಿ, ಚೆನ್ನೈಗೆ ತಿರುಗುವುದು ಎಲ್ಲ ಒಂದೇ ಪ್ರದರ್ಶನದಲ್ಲಿ ಸಿಗುತ್ತದೆ.

ಯಾವಾಗ ಹೆದರಬೇಕು, ಯಾವಾಗ ಬೇಡ

ಗಿರಕಿಗೆ ಹೆದರಬೇಡಿ. ಇಳಿಯುತ್ತಿದ್ದದ್ದು ಮತ್ತೆ ಏರಿದರೆ ಹೆದರಬೇಡಿ, ಅದಕ್ಕಿಂತ ಮುಂಚೆ ಇಳಿದ ವಿಮಾನ ರನ್‌ವೇ ಬಿಡಲು ತಡ ಮಾಡಿರಬಹುದು. ಇರಾಕ್, ಕಪ್ಪು ಸಮುದ್ರದ ಆಸುಪಾಸಿನಲ್ಲಿ ವಿಮಾನ ದಿಢೀರನೆ ನೂರಾರು ಮೈಲಿ ಜಿಗಿದಂತೆ ಕಂಡರೂ ಹೆದರಬೇಡಿ. ಅಲ್ಲಿ ಜಿಪಿಎಸ್ ಸಿಗ್ನಲ್ ಕೆಡಿಸುವ ಕಾಟ ಇದೆ, ಆ್ಯಪ್ ಸುಳ್ಳು ಜಾಗ ತೋರಿಸುತ್ತದೆ. ಪೈಲಟ್‌ಗಳಿಗೆ ಬೇರೆ ಉಪಕರಣಗಳಿವೆ. ನಕ್ಷೆಯಿಂದ ಮಾಯವಾದರೆ ಹೆಚ್ಚಿನ ಸಲ ಆ ಜಾಗದಲ್ಲಿ ಸಿಗ್ನಲ್ ಹಿಡಿಯುವವರಿಲ್ಲ ಅಂತ ಅರ್ಥ. ವಿಮಾನದ ವಿವರದಲ್ಲಿ 'ಸ್ಕ್ವಾಕ್' ಎಂಬ ನಾಲ್ಕಂಕಿ ಇರುತ್ತದೆ. ಅದು 7700 ಆದರೆ ತುರ್ತು ಪರಿಸ್ಥಿತಿ. ಅದರಲ್ಲೂ ಬಹಳ ಸಲ ಪ್ರಯಾಣಿಕರೊಬ್ಬರಿಗೆ ಹುಷಾರಿಲ್ಲದೆ ಬೇಗ ಇಳಿಯಬೇಕಾಗಿರುತ್ತದೆ.

ಕಳೆದ ತಿಂಗಳು ತಂಗಿ ರಜೆ ಮುಗಿಸಿ ಮತ್ತೆ ಹೊರಟಳು. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಫೋನ್ ಹಿಡಿದು ಕೂತಿದ್ದರು. "ಇಳಿದಳಾ?" ಅಂದೆ. "ಇಲ್ಲ, ಲಾಂಬೋರ್ನ್‌ನಲ್ಲಿ 10 ಸಾವಿರದಲ್ಲಿದ್ದಾಳೆ. ಕೆಳಗೆ ಇನ್ನೂ ಇಬ್ಬರಿದ್ದಾರೆ. ನೀನು ಕೈಕಾಲು ತೊಳ್ಕೊಂಡು ಬಾ, ಅಷ್ಟರಲ್ಲಿ ಬಿಡ್ತಾರೆ" ಅಂದರು.